ಪಿಎಸ್5 ಕೊಳ್ಳಬೇಕೆಂದಿದ್ದೇನೆ; ಕೊಂಡವರು ಕಾರಣ ಹೇಳಿ

ಕುಂಜಿಬೆಟ್ಟು:
ನಮಸ್ಕಾರ. ಮನೆ ಉಡುಪಿಯ ಕುಂಜಿಬೆಟ್ಟಿನಲ್ಲಿ. ಮಗ ಒಂಬತ್ತನೆಯ ತರಗತಿ. ನನಗೂ ಕಾಲೇಜಿನ ದಿನಗಳಿಂದ ಆಟದ ಚಪಲ ಇದೆ. ಸೋನಿಯ ಆಟದ ಕನ್ಸೋಲ್ ಪ್ಲೇಸ್ಟೇಷನ್ 5, ಅದರ ತೆಳು ಮಾದರಿ ಪಿಎಸ್5 ಸ್ಲಿಮ್ ಎಂದು ಮುಕ್ಕಾಲು ನಿರ್ಧಾರವಾಗಿದೆ. ಆಟದ ಡಿಸ್ಕ್ ಹಾಕಲು ಜಾಗ ಇರುವುದೋ ಇಲ್ಲದ್ದೋ ಎಂಬಲ್ಲಿ ನಿಂತಿದ್ದೇನೆ. 2024ರಲ್ಲಿ ಬಂದಾಗ ಡಿಸ್ಕಿನದಕ್ಕೆ 54,990, ಇಲ್ಲದ್ದಕ್ಕೆ 44,990 ಇತ್ತು. ಮೈಕ್ರೋಸಾಫ್ಟಿನ ಕನ್ಸೋಲ್ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಸಾಕು ಎಂದು ಭಾವ ಹೇಳುತ್ತಾರೆ. ನಮ್ಮದು 43 ಇಂಚಿನ ಫುಲ್ ಎಚ್‌ಡಿ ಟಿವಿ, 4ಕೆ ಅಲ್ಲ. ಈ ಟಿವಿಗೆ ಪಿಎಸ್5 ಹಾಕುವುದರಲ್ಲಿ ಅರ್ಥ ಉಂಟೇ? ಕೊಂಡವರು ಯಾಕೆ ಕೊಂಡಿರಿ?

ಬೆಂದೂರ್‌ವೆಲ್:
ಕಾರಣ ಒಂದೇ, ಡಿಸ್ಕ್. ಉಳಿದದ್ದೆಲ್ಲ ಆಮೇಲೆ.

ನಾನು ತೆಗೆದುಕೊಂಡದ್ದು 2021ರ ಮಳೆಗಾಲದಲ್ಲಿ, ಹಳೆಯ ದಪ್ಪ ಮಾದರಿ. ಹೊರದೇಶಗಳಿಗೆ 2020ರ ನವೆಂಬರಿನಲ್ಲೇ ಬಂದಿತ್ತು, ನಮಗೆ ಬಂದದ್ದು 2021ರ ಫೆಬ್ರವರಿ 2ರಂದು. ಬಂತು ಎನ್ನುವಷ್ಟರಲ್ಲಿ ಖಾಲಿ. ಮಧ್ಯಾಹ್ನ ಬುಕಿಂಗ್ ತೆರೆದರೆ ಊಟಕ್ಕೆ ಏಳುವ ಮೊದಲೇ ಮುಗಿದಿರುತ್ತಿತ್ತು. ಒಮ್ಮೆ ಹಣ ಕಟ್ಟುವ ಪುಟದವರೆಗೆ ತಲುಪಿ, ಒಟಿಪಿಗೆ ಕಾಯುತ್ತಿರುವಾಗ ಕರೆಂಟು ಹೋಯಿತು. 49,990ರ ಪೆಟ್ಟಿಗೆಯನ್ನು 65,000ಕ್ಕೆ, 70,000ಕ್ಕೆ ಮಾರುತ್ತಿದ್ದ ಪುಣ್ಯಾತ್ಮರು ನಮ್ಮ ಮಂಗಳೂರಿನಲ್ಲೂ ಇದ್ದರು. ಅವರಿಗೆ ನಾನು ಒಂದು ರೂಪಾಯಿಯನ್ನೂ ಹೆಚ್ಚು ಕೊಡಲಿಲ್ಲ. ಕಾದೆ, ಮುಖಬೆಲೆಗೇ ತಂದೆ. ಹೆಂಡತಿ ನನ್ನದೆಂದು ಒಪ್ಪುವ ಒಂದೇ ಒಂದು ಜಾಣತನ ಇದು.

ಇನ್ನು ಲೆಕ್ಕ. ಗಾಡ್ ಆಫ್ ವಾರ್ ರ್‍ಯಾಗ್ನರಾಕ್ 4,999ಕ್ಕೆ ತೆಗೆದುಕೊಂಡೆ, ಆಡಿ ಮುಗಿಸಿ 3,600ಕ್ಕೆ ಮಾರಿದೆ. ಸ್ಪೈಡರ್‌ಮ್ಯಾನ್ 2 ಕೂಡ 4,999, ಮಾರಿದ್ದು 3,400ಕ್ಕೆ. ಎಲ್ಡನ್ ರಿಂಗನ್ನು ಕಂಕನಾಡಿಯ ಒಬ್ಬ ಹುಡುಗನಿಂದ 2,200ಕ್ಕೆ ತಂದು, ನನ್ನ ಕೈಯಲ್ಲಿ ಆಗದು ಎಂದು ತಿಳಿದ ಮೇಲೆ 2,100ಕ್ಕೆ ದಾಟಿಸಿದೆ. ಅಂದರೆ ಆ ಆಟಕ್ಕೆ ನನಗೆ ಬಿದ್ದದ್ದು ನೂರು ರೂಪಾಯಿ. ಹೊಸ ಆಟ ಮಾರಿದರೆ ಸುಮಾರು ಮೂರೂವರೆ ಸಾವಿರ ವಾಪಸು ಬರುತ್ತದೆ; 2024ರ ಬೆಲೆಯಲ್ಲಿ ಡಿಸ್ಕ್ ಇಲ್ಲದ ಮಾದರಿಯಿಂದ ಉಳಿಯುತ್ತಿದ್ದ ಹತ್ತು ಸಾವಿರ ಅಂಥ ಮೂರು ಆಟಗಳಿಗೆ ಸರಿಹೋಗುತ್ತಿತ್ತು, ನಾಲ್ಕನೆಯದರಿಂದ ನಷ್ಟ ಶುರು. ಹಳೆಯ ಪಿಎಸ್4 ಡಿಸ್ಕುಗಳೂ ಬೆರಳೆಣಿಕೆಯವನ್ನು ಬಿಟ್ಟರೆ ಎಲ್ಲ ಓಡುತ್ತವೆ. ಸೀರೀಸ್ ಎಸ್‌ನಲ್ಲಿ ಡಿಸ್ಕ್ ತೂರಿಸಲು ಜಾಗವೇ ಇಲ್ಲ. ಭಾವನವರಿಗೆ ಇಷ್ಟು ಹೇಳಿ, ಸಾಕು.

ಸುರತ್ಕಲ್ ಕಡೆಯವ:
ಲೆಕ್ಕದ ಪುಸ್ತಕ ತೆರೆದಿರಲ್ಲ, ನನ್ನದನ್ನೂ ನೋಡಿ. ಸೀರೀಸ್ ಎಸ್ 2022ರ ದೀಪಾವಳಿ ರಿಯಾಯಿತಿಯಲ್ಲಿ, ಬ್ಯಾಂಕಿನ ಕಾರ್ಡಿನ ಕಡಿತ ಕಳೆದು 27,000ದ ಒಳಗೆ. ಆಗ ಎಕ್ಸ್‌ಬಾಕ್ಸಿನ ಅಗ್ಗದ ಲೈವ್ ಗೋಲ್ಡ್ ಸದಸ್ಯತ್ವವನ್ನು ಮೂರು ವರ್ಷಕ್ಕೆ ಪೇರಿಸಿ, ಆಮೇಲೆ ಚಂದಾ ಕಟ್ಟಿ ನೂರಾರು ಆಟ ಆಡುವ ಗೇಮ್ ಪಾಸ್ ಅಲ್ಟಿಮೇಟಿಗೆ ಬದಲಾಯಿಸಿದರೆ ಒಂದಕ್ಕೆ ಒಂದರಂತೆ ಪೂರ್ತಿ ಅವಧಿ ಸಿಗುತ್ತಿತ್ತು. 2023ರ ಜುಲೈಯಲ್ಲಿ ಅದನ್ನು ಮೂರು ತಿಂಗಳ ಗೋಲ್ಡಿಗೆ ಎರಡು ತಿಂಗಳ ಅಲ್ಟಿಮೇಟ್ ಎಂದು ಮಾಡಿದರು. ನಾನು ಅದಕ್ಕಿಂತ ಮೊದಲೇ ಒಳಗೆ. ಮೂರು ವರ್ಷ, ನೂರಾರು ಆಟ, ನೀವು ಎರಡು ಆಟಕ್ಕೆ ಕೊಟ್ಟಷ್ಟು ದುಡ್ಡು. ಯಾರ ಮನೆ ಬಾಗಿಲಿಗೂ ಡಿಸ್ಕ್ ಹಿಡಿದುಕೊಂಡು ಹೋಗಲಿಲ್ಲ. ಕಾಲೇಜಿನ ಹುಡುಗರೊಂದಿಗೆ ನೂರು ರೂಪಾಯಿಗೆ ಚೌಕಾಸಿ ಮಾಡುವ ಪ್ರಾಯವೂ ನನ್ನದಲ್ಲ.

ಬೆಂದೂರ್‌ವೆಲ್:
ಆ ಮೂರು ವರ್ಷ ಮುಗಿದಿರಬೇಕಲ್ಲ? 2025ರ ಅಕ್ಟೋಬರಿನಲ್ಲಿ ಅಲ್ಟಿಮೇಟ್ ತಿಂಗಳಿಗೆ 829 ಇದ್ದದ್ದು 1,389 ಆಯಿತು. ಈಗ ಕೊಳ್ಳುವವರಿಗೆ ನಿಮ್ಮ 2022ರ ಪುಣ್ಯಕಥೆಯಿಂದ ಏನು ಪ್ರಯೋಜನ? 512 ಜಿಬಿ ಎಂದು ಬರೆದ ನಿಮ್ಮ ಪೆಟ್ಟಿಗೆಯಲ್ಲಿ ಆಟ ತುಂಬಲು ಕೈಗೆ ಸಿಗುವುದು 364. ಎರಡು ದೊಡ್ಡ ಆಟ, ಒಂದು ಸಣ್ಣದು, ಆಮೇಲೆ ಯಾವುದನ್ನು ಅಳಿಸಲಿ ಎಂದು ಕುಳಿತು ಯೋಚಿಸುವುದು. ನಿಮ್ಮ ಎಕ್ಸ್‌ಬಾಕ್ಸಿನವರದೇ ಕಾರಿನ ಆಟ ಫೋರ್ಜಾ ಹೊರೈಜನ್ 5 ಕೂಡ 2025ರ ಏಪ್ರಿಲಿನಲ್ಲಿ ನಮ್ಮ ಕಡೆಗೆ ಬಂತು. ನಾನು ಅದನ್ನು ಪಿಎಸ್5ರಲ್ಲಿ ಆಡುತ್ತಿದ್ದೇನೆ.

ಸುರತ್ಕಲ್ ಕಡೆಯವ:
ನಾನು ನಾಲ್ಕು ವರ್ಷದ ಹಿಂದೆ ಆಡಿದ ಆಟವನ್ನು ನೀವು ಈಗ ದುಡ್ಡು ಕೊಟ್ಟು ಆಡುತ್ತಿದ್ದೀರಿ. ಅಭಿನಂದನೆಗಳು.

ಬೆಂದೂರ್‌ವೆಲ್:
2022ರಲ್ಲಿ ಕನ್ಸೋಲ್ ಕೊಂಡವರು ನಾಲ್ಕು ವರ್ಷದ ಹಿಂದೆ ಹೇಗೆ ಆಡಿದಿರಿ? ಲೆಕ್ಕದ ಪುಸ್ತಕ ಮತ್ತೊಮ್ಮೆ ನೋಡಿ.

ಮಲ್ಪೆ ಬಂದರು:
ಡಿಸ್ಕೂ ಬೇಡ, ಪಾಸೂ ಬೇಡ. ಮೊದಲು ಸಿಡಿಲಿನ ಮಾತಾಡಿ ಮಾರಾಯರೇ.

ನನ್ನದೂ ಪಿಎಸ್5. ಅದನ್ನು ತರಿಸುವುದೇ ಒಂದು ಸಾಹಸ. 576108 ಎಂದು ಹಾಕಿದರೆ ಈ ಪಿನ್‌ಕೋಡಿಗೆ ತಲುಪಿಸಲಾಗದು ಎಂದು ಬರುತ್ತಿತ್ತು. ಕೊನೆಗೆ ಬೆಂಗಳೂರಿನ ದೊಡ್ಡಮ್ಮನ ಮನೆಗೆ ತರಿಸಿ, ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ನಾಲ್ಕೂವರೆ ಕಿಲೋ, ಘಾಟಿಯ ತಿರುವು ಬೇರೆ.

ಹೋದ ಅಕ್ಟೋಬರಿನಲ್ಲಿ ಸಂಜೆ ಗುಡುಗು ಶುರುವಾಯಿತು. ಕನ್ಸೋಲಿನ ಪ್ಲಗ್ಗು, ಟಿವಿಯ ಪ್ಲಗ್ಗು, ಮೋಡೆಮಿನ ಪ್ಲಗ್ಗು ಎಲ್ಲ ತೆಗೆದಿದ್ದೆ. ಸೆಟ್‌ಟಾಪ್ ಪೆಟ್ಟಿಗೆಗೆ ಹೊರಗಿನಿಂದ ಬರುವ ಕೇಬಲ್ ತಂತಿ ಮಾತ್ರ ಇತ್ತು. ಹಿಂದಿನ ಮನೆಯ ತೆಂಗಿನಮರಕ್ಕೆ ಹೊಡೆದ ಸಿಡಿಲು ಆ ತಂತಿ ಹಿಡಿದು ಒಳಗೆ ಬಂತು. ಅಲ್ಲಿಂದ ಎಚ್‌ಡಿಎಂಐ ಮೂಲಕ ಟಿವಿಗೆ, ಟಿವಿಯಿಂದ ಇನ್ನೊಂದು ಎಚ್‌ಡಿಎಂಐ ಮೂಲಕ ಪಿಎಸ್5ಗೆ. ಮರುದಿನ ಹಾಕಿದರೆ ಬೀಪ್ ಎನ್ನುತ್ತದೆ, ನೀಲಿ ದೀಪ ಮಿನುಗುತ್ತದೆ, ಬಿಳಿ ದೀಪ ನಿಲ್ಲುತ್ತದೆ. ಪರದೆಯ ಮೇಲೆ ಮಾತ್ರ ಏನೂ ಇಲ್ಲ.

ಮಂಗಳೂರಿನ ಒಂದು ರಿಪೇರಿ ಅಂಗಡಿಗೆ ಕೊಟ್ಟೆ. ಎಚ್‌ಡಿಎಂಐ ಪೋರ್ಟ್ ಹೋಗಿದೆ ಎಂದ, 3,500. ಹಾಕಿದ, ಬರಲಿಲ್ಲ. ಪೋರ್ಟ್ ಅಲ್ಲ, ಅದರ ಹಿಂದಿನ ಐಸಿ ಎಂದ, ಇನ್ನೊಂದು 5,500. ಚಿತ್ರ ಬಂತು. ಮನೆಗೆ ತಂದು ಆಡಿದರೆ ಅರ್ಧ ಗಂಟೆಯೊಳಗೆ ಫ್ಯಾನು ಹುಚ್ಚೆದ್ದು ತಿರುಗಿ, ಬಿಸಿಯಾಗಿದೆ ಎಂದು ತೋರಿಸಿ ಆರಿಹೋಯಿತು. ವಿಷಯ ಏನೆಂದರೆ, ಪಿಎಸ್5ರ ಚಿಪ್ಪಿನ ಮೇಲೆ ಬಿಸಿ ಎಳೆಯಲು ಇರುವುದು ದ್ರವಲೋಹ, ಪಿಎಸ್4ರಂತೆ ಪೇಸ್ಟ್ ಅಲ್ಲ. ಆ ಮಹಾಶಯ ಬೋರ್ಡು ಬಿಚ್ಚುವಾಗ ಅದನ್ನು ಬಟ್ಟೆಯಲ್ಲಿ ಒರೆಸಿ, ಕಂಪ್ಯೂಟರಿಗೆ ಹಚ್ಚುವ ಮಾಮೂಲಿ ಪೇಸ್ಟ್ ಬಳಿದಿದ್ದ. ಕೇಳಿದರೆ ಎಲ್ಲ ಒಂದೇ ಎಂದ. ಆಮೇಲೆ ಬೆಂಗಳೂರಿಗೆ ಕಳಿಸಿದೆ: ಕೊರಿಯರ್ 850, ದ್ರವಲೋಹ ಹಾಕಿದ್ದಕ್ಕೆ 2,800, ವಾಪಸು ಬರಲು 900. ಕೂಡಿಸಿ ನೋಡಿ. ಟಿವಿಯ ಬೋರ್ಡಿನ ಖರ್ಚು ಇದರಲ್ಲಿ ಇಲ್ಲ.

ಪರ್ಕಳ:
ಇದು ಅರ್ತಿಂಗಿನ ದೋಷ. ನಮ್ಮದು ಮುರಕಲ್ಲಿನ ನೆಲ, ಬೇಸಿಗೆಯಲ್ಲಿ ನೀರು ಆರಿ ಅರ್ತಿಂಗ್ ಕೈಕೊಡುತ್ತದೆ. ಗುಂಡಿಗೆ ಉಪ್ಪು, ಇದ್ದಿಲು ಹಾಕಿ ಬೇಸಿಗೆಯಲ್ಲಿ ಬಕೆಟ್ ನೀರು ಹೊಯ್ಯಬೇಕು. ನಾನು ಹಾಗೆ ಮಾಡುತ್ತೇನೆ. ನನ್ನ ಪಿಎಸ್4, 2014ರಲ್ಲಿ 39,990ಕ್ಕೆ ಕೊಂಡದ್ದು, ಇವತ್ತಿಗೂ ಓಡುತ್ತಿದೆ. ಪಿಎಸ್5 ಯಾಕೆ ಬೇಕು ಎಂದು ನನಗೆ ಈವರೆಗೆ ಯಾರೂ ಒಪ್ಪುವಂತೆ ಹೇಳಿಲ್ಲ.

ಮಲ್ಪೆ ಬಂದರು:
ಮಲ್ಪೆಯಲ್ಲಿ ಮುರಕಲ್ಲು ಎಲ್ಲಿಂದ ಬಂತು? ನಮ್ಮದು ಮರಳು. ಎರಡು ಅಡಿ ತೋಡಿದರೆ ನೀರು. ಅಲ್ಲದೆ ಪಿಎಸ್5ರ ತಂತಿಯನ್ನು ನೋಡಿದ್ದೀರಾ? ಎಂಟರ ಆಕಾರದ ಎರಡು ತೂತಿನದು, ಅದರಲ್ಲಿ ಅರ್ತಿಂಗೇ ಇಲ್ಲ. ನಿಮ್ಮ ಬಕೆಟ್ ನೀರು ಅದಕ್ಕೆ ಯಾವ ದಾರಿಯಲ್ಲಿ ತಲುಪುತ್ತದೆ?

ಪರ್ಕಳ:
ಅರ್ತಿಂಗ್ ಬೇಕಾದದ್ದು ಸರ್ಜ್, ಅಂದರೆ ವೋಲ್ಟೇಜ್ ಥಟ್ಟನೆ ಏರುವುದನ್ನು ತಡೆಯುವ ಪ್ಲಗ್ಗಿನ ಪಟ್ಟಿಗೆ. ಕೇಬಲಿನವರ ಪೆಟ್ಟಿಗೆಗೂ ಬೇಕು. ಕನ್ಸೋಲಿಗೆ ಎಂದು ನಾನು ಹೇಳಲಿಲ್ಲ. ಓದಿ ಉತ್ತರ ಕೊಡಿ.

ಕಾವೂರಿನ ಅಮ್ಮ:
ಗಂಡಸರ ಜಗಳದ ನಡುವೆ ಒಂದು ಮಾತು. ಕುಂಜಿಬೆಟ್ಟಿನ ಅಣ್ಣ, ಫುಲ್ ಎಚ್‌ಡಿ ಟಿವಿಗೂ ಪಿಎಸ್5 ಆಗುತ್ತದೆ, ಚಿತ್ರ ಆ ಟಿವಿಯ ಮಟ್ಟಕ್ಕೇ ಬರುತ್ತದೆ. ಆದರೆ ಮಳೆಗಾಲದಲ್ಲಿ ಕರೆಂಟು ಹೋದಾಗ ಏನು ಮಾಡುತ್ತೀರಿ? ನಮ್ಮ ಮನೆಯ ಇನ್‌ವರ್ಟರಿಗೆ ಎರಡು ಫ್ಯಾನು, ನಾಲ್ಕು ದೀಪ ಅಷ್ಟೇ. ಅದಕ್ಕೇ ನಾನು ನಿಂಟೆಂಡೋ ಸ್ವಿಚ್ ತರಿಸಿದೆ, 7 ಇಂಚಿನ ಒಎಲ್‌ಇಡಿ ಪರದೆಯದು. ಕರೆಂಟು ಹೋದರೆ ಟಿವಿಯ ಪಕ್ಕದಿಂದ ಎತ್ತಿಕೊಂಡು ಚಾವಡಿಯಲ್ಲಿ ಕುಳಿತು ಆಡುತ್ತಾರೆ. ಇಬ್ಬರಿಗೆ ಎರಡು ತುಂಡು ಕಂಟ್ರೋಲರ್, ಬೇರೆ ಖರ್ಚಿಲ್ಲ. ಪಿಎಸ್5ರ ಎರಡನೆಯ ಕಂಟ್ರೋಲರಿಗೆ ಬಿಡುಗಡೆಯ ದಿನಗಳಲ್ಲೇ 5,990 ಇತ್ತು, ಅದನ್ನು ಇಲ್ಲಿ ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.

ಭಾರತದಲ್ಲಿ ಅದನ್ನು ಕಂಪನಿಯವರು ಮಾರುವುದಿಲ್ಲ, ನಿಜ. 2022ರಲ್ಲಿ ತಮ್ಮ ದುಬೈಯಿಂದ ಬರುವಾಗ ತಂದ. ಆಗ 50,000ದವರೆಗಿನ ಸಾಮಾನಿಗೆ ಸುಂಕ ಇರಲಿಲ್ಲ, ಬಜಪೆ ವಿಮಾನ ನಿಲ್ದಾಣದಲ್ಲಿ ಯಾರೂ ತಡೆಯಲಿಲ್ಲ. ವಾರಂಟಿ ಇಲ್ಲ. ಅದರ ಪೆಟ್ಟು ಬಿದ್ದದ್ದು ಮೇ ತಿಂಗಳಲ್ಲಿ. ರಜೆಗೆ ಬಂದ ತಮ್ಮನ ಮಗ ಹಲಸಿನಹಣ್ಣು ತಿಂದ ಕೈಯಲ್ಲೇ ಆಡಲು ಕುಳಿತ. ಕಂಟ್ರೋಲರಿನಲ್ಲಿ ಹೆಬ್ಬೆರಳಿನಿಂದ ತಿರುಗಿಸುವ ಕಡ್ಡಿಯ ಸುತ್ತ ಮೇಣ ಅಂಟಿತು. ಅತ್ತೆ ಮೇಣ ತೆಗೆಯಲು ತೆಂಗಿನೆಣ್ಣೆ ಹಚ್ಚಿದರು, ಮೇಣ ಹೋಯಿತು, ಎಣ್ಣೆ ಒಳಗಿಳಿಯಿತು. ಆಮೇಲೆ ಆಟದಲ್ಲಿ ಗಾಡಿ ತಾನಾಗಿ ಎಡಕ್ಕೇ ಎಳೆಯತೊಡಗಿತು. ಬಿಡಿಭಾಗಕ್ಕೆ 650, ಅದರ ಮೂರು ಮೂಲೆಯ ತಿರುಪು ಬಿಚ್ಚುವ ಸ್ಕ್ರೂಡ್ರೈವರಿಗೆ 180. ಎಂಟನೆಯ ತರಗತಿಯ ಮಗಳು ಕುಳಿತು ಬದಲಾಯಿಸಿದಳು. ಈಗ ಸರಿ ಇದೆ.

ಸುರತ್ಕಲ್ ಕಡೆಯವ:
ಅಕ್ಕ, ಸ್ವಿಚ್ ಮಕ್ಕಳ ಆಟಿಕೆ. ಅವರು ಕೇಳಿದ್ದು ಕನ್ಸೋಲ್.

ಕಾವೂರಿನ ಅಮ್ಮ:
ಅವರು ಕೇಳಿದ್ದೂ ಒಂಬತ್ತನೆಯ ತರಗತಿಯ ಮಗನಿಗೇ. ಓದಲಿಲ್ಲವೇ? ಮೂರು ವರ್ಷದ ಪಾಸಿನಲ್ಲಿ ನೀವು ಎಷ್ಟು ಆಟ ಪೂರ್ತಿ ಆಡಿ ಮುಗಿಸಿದಿರಿ, ಅದನ್ನೊಮ್ಮೆ ಹೇಳಿ.

ಸುರತ್ಕಲ್ ಕಡೆಯವ:
ಮುಗಿಸುವುದು ಮುಖ್ಯವಲ್ಲ. ಬೇಡವಾದಾಗ ಬಿಡುವ ಸ್ವಾತಂತ್ರ್ಯ ಮುಖ್ಯ. ಪಾಸಿನ ಅರ್ಥವೇ ಅದು. ಡಿಸ್ಕಿನವರಿಗೆ ಇದು ತಿಳಿಯುವುದಿಲ್ಲ. ಮೇ ಕೊನೆಯ ಪತ್ತನಾಜೆ ಕಳೆದು ಜೋರು ಮಳೆಯ ತುಳು ತಿಂಗಳು ಆಟಿ ಬರುವಷ್ಟರಲ್ಲಿ ಡಿಸ್ಕಿನ ಡಬ್ಬಿಯ ಕಾಗದಕ್ಕೆ ಬೂಷ್ಟು ಹಿಡಿದಿರುತ್ತದೆ. ಒಂದು ಸಲ ತೆರೆದು ಮೂಸಿ ನೋಡಿ.

ಬೆಂದೂರ್‌ವೆಲ್:
ಬೂಷ್ಟು ಕಾಗದಕ್ಕೆ ಹಿಡಿಯುತ್ತದೆ, ಡಿಸ್ಕಿಗಲ್ಲ. ನಾನು ಮಾತ್ರೆ ಡಬ್ಬಿಗಳಲ್ಲಿ ಬರುವ ಸಿಲಿಕಾ ಪೊಟ್ಟಣಗಳನ್ನು ಕೂಡಿಟ್ಟು ಕಪಾಟಿನಲ್ಲಿ ಹಾಕುತ್ತೇನೆ. ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ತಂತಿ ಕಡಿದಾಗ ನಿಮ್ಮ ನೂರು ಜಿಬಿಯ ಆಟ ಯಾವ ದಾರಿಯಲ್ಲಿ ಇಳಿಯುತ್ತದೆ? ನಾನು ಡಿಸ್ಕ್ ಹಾಕುತ್ತೇನೆ, ಆಡುತ್ತೇನೆ.

ಮಲ್ಪೆ ಬಂದರು:
ಡಿಸ್ಕ್ ಹಾಕಿದರೂ ಮೊದಲ ದಿನದ ಪ್ಯಾಚ್, ಅಂದರೆ ಆಟದ ತಿದ್ದುಪಡಿ ಎಂದು ಇಪ್ಪತ್ತು, ಮೂವತ್ತು ಜಿಬಿ ಕೇಳುವುದನ್ನು ಯಾಕೆ ಹೇಳುವುದಿಲ್ಲ?

ಬೆಂದೂರ್‌ವೆಲ್:
ಎಲ್ಲ ಆಟಗಳೂ ಕೇಳುವುದಿಲ್ಲ. ಕಥೆಯ ಆಟಗಳು ಬಹುಪಾಲು ಡಿಸ್ಕಿನಲ್ಲಿದ್ದಷ್ಟರಿಂದಲೇ ಶುರುವಾಗುತ್ತವೆ.

ಪರ್ಕಳ:
ಬೆಂದೂರ್‌ವೆಲ್‌ನವರೇ, ನಿಲ್ಲಿ. ರ್‍ಯಾಗ್ನರಾಕ್ 3,600ಕ್ಕೆ ಮಾರಿದೆ ಎಂದಿರಲ್ಲ, ಉಡುಪಿಯ ಬಸ್ಸಿನಲ್ಲಿ ಕಂಡಕ್ಟರನ ಕೈಯಲ್ಲಿ ಕೊಟ್ಟು ಕಳಿಸಿದವರು ನೀವೇ ಅಲ್ಲವೇ? ಕೊಂಡವನು ನಾನು. ಕಂಡಕ್ಟರನಿಗೆ ಐವತ್ತು ಕೊಟ್ಟವನೂ ನಾನು. ಬಂದದ್ದು ಪಿಎಸ್5 ಡಿಸ್ಕ್. ನನ್ನ ಪಿಎಸ್4 ಅದನ್ನು ಒಳಗೆ ಎಳೆದುಕೊಂಡು ಹಾಗೆಯೇ ಹೊರಗೆ ಉಗುಳಿತು. ಫೋನ್ ಮಾಡಿದರೆ ಎತ್ತಲಿಲ್ಲ.

ಬೆಂದೂರ್‌ವೆಲ್:
ಓ, ಅದು ನೀವೋ? ಜಾಹೀರಾತಿನಲ್ಲಿ ಪಿಎಸ್5 ಎಂದು ಸ್ಪಷ್ಟವಾಗಿ ಬರೆದಿದ್ದೆ. ಪಿಎಸ್4 ಡಿಸ್ಕ್ ಪಿಎಸ್5ರಲ್ಲಿ ಓಡುತ್ತದೆ, ಪಿಎಸ್5 ಡಿಸ್ಕ್ ಪಿಎಸ್4ರಲ್ಲಿ ಓಡುವುದಿಲ್ಲ. ಅರ್ತಿಂಗಿನ ಪಾಠ ಮಾಡುವವರಿಗೆ ಇಷ್ಟು ತಿಳಿದಿರಬೇಕಿತ್ತು. ಪಿಎಸ್5 ಯಾಕೆ ಬೇಕು ಎಂದು ಯಾರೂ ಹೇಳಿಲ್ಲ ಎಂದಿರಲ್ಲ, ಆ ಡಿಸ್ಕೇ ಹೇಳಿದೆ.

ಪರ್ಕಳ:
ಪಿಎಸ್4ಕ್ಕೆ ಎಂದು ನಾನು ಸಂದೇಶದಲ್ಲಿ ಬರೆದಿದ್ದೆ. ಅದು ಇನ್ನೂ ನನ್ನ ಮೊಬೈಲಿನಲ್ಲಿದೆ. ನೀವು ಕಳಿಸಿದ ಉತ್ತರ ಬರೀ ಹೆಬ್ಬೆರಳಿನ ಚಿತ್ರ. ಬೇಕಾದರೆ ಇಲ್ಲಿಯೇ ಹಾಕುತ್ತೇನೆ.

ಬೆಂದೂರ್‌ವೆಲ್:
ಹಾಕಿ. ಹೆಬ್ಬೆರಳು ಹಣ ಬಂತು ಎಂಬುದಕ್ಕೆ.

ಕುಂಜಿಬೆಟ್ಟು:
ಪರ್ಕಳದವರೇ, ಆ ಡಿಸ್ಕ್ ಈಗಲೂ ನಿಮ್ಮ ಹತ್ತಿರ ಇದೆಯೇ? ಗೀರು ಇಲ್ಲದಿದ್ದರೆ ನಾನು 2,000ಕ್ಕೆ ತೆಗೆದುಕೊಳ್ಳುತ್ತೇನೆ. ಮಣಿಪಾಲದವರೆಗೆ ಬರುತ್ತೇನೆ.

ಪರ್ಕಳ:
ಒಂದು ಸಲವೂ ಓಡದ ಡಿಸ್ಕಿಗೆ ಗೀರು ಎಲ್ಲಿಂದ ಬರಬೇಕು? 2,800. ಕಂಡಕ್ಟರನ ಐವತ್ತನ್ನು ಬಿಟ್ಟಿದ್ದೇನೆ.