ಆಂಡಿ ಹಗ್ ಗ್ರ್ಯಾಂಡ್ ಪ್ರೀ ಗೆದ್ದಿದ್ದು ಒಂದೇ ಸಲ, ಆದ್ರೂ ಇಷ್ಟು ಹೆಸರು ಹೇಗೆ?

ಪ್ರಶ್ನೆ:
ಹಳೇ ಕೆ-1 (ಜಪಾನಿನ ಕಿಕ್‌ಬಾಕ್ಸಿಂಗ್) ಫೈಟ್‌ಗಳನ್ನ ಈಗ ಒಂದೊಂದಾಗಿ ನೋಡ್ತಾ ಇದೀನಿ. ಅದರ ದೊಡ್ಡ ಟೂರ್ನಿ ಗ್ರ್ಯಾಂಡ್ ಪ್ರೀಯಲ್ಲಿ ಅರ್ನೆಸ್ಟೊ ಹೂಸ್ಟ್ ನಾಲ್ಕು ಸಲ ಚಾಂಪಿಯನ್, ಸೆಮಿ ಶಿಲ್ಟ್ ನಾಲ್ಕು, ಪೀಟರ್ ಆರ್ಟ್ಸ್ ಮೂರು. ಸ್ವಿಟ್ಜರ್ಲೆಂಡಿನ ಆಂಡಿ ಹಗ್ ಮಾತ್ರ 1996ರಲ್ಲಿ ಒಂದೇ ಒಂದ್ಸಲ. ಆದ್ರೂ ಹಳಬರು ಮಾತು ಶುರು ಮಾಡೋದೇ ಅವನಿಂದ. ಚಿಕ್ಕ ವಯಸ್ಸಿಗೇ ಹೋಗ್ಬಿಟ್ಟ ಅಂತಾನಾ?

ಉತ್ತರ 1:
ಅದಕ್ಕಲ್ಲ ಗುರೂ. ಅವನು ಬಂದಿದ್ದು ಕ್ಯೋಕುಶಿನ್ ಕರಾಟೆಯಿಂದ, ಅಲ್ಲಿ ಮುಖಕ್ಕೆ ಪಂಚ್ ಹೊಡೆಯೋ ಹಾಗೇ ಇಲ್ಲ, ನಾನೂ ನಾಲ್ಕು ವರ್ಷ ಕಲ್ತಿದೀನಿ, ಕೈ ಎದೆ ಹತ್ರಾನೇ ಇರುತ್ತೆ, ಮುಖ ಕಾಯೋ ಅಭ್ಯಾಸಾನೇ ಬರಲ್ಲ. ಅಂಥವನು ಗ್ಲೌಸ್ ಹಾಕ್ಕೊಂಡು ಹೆವಿವೇಟ್ ಕಿಕ್‌ಬಾಕ್ಸರ್‌ಗಳ ಮುಂದೆ ನಿಂತ, ಎತ್ತರ ನೋಡಿದ್ರೆ ಬರೀ 180 ಸೆಂಟಿಮೀಟರ್, ಶಿಲ್ಟ್ 212! 1994ರಲ್ಲಿ ಪ್ಯಾಟ್ರಿಕ್ ಸ್ಮಿತ್ ಅವನನ್ನ 19 ಸೆಕೆಂಡಲ್ಲಿ ಮುಗಿಸಿದ. ಅದೇ ವರ್ಷ ಮತ್ತೆ ಆಡಿ ಮೊದಲ ರೌಂಡಲ್ಲೇ ಸೇಡು ತೀರಿಸ್ಕೊಂಡ. 1995ರಲ್ಲಿ ದಕ್ಷಿಣ ಆಫ್ರಿಕಾದ ಮೈಕ್ ಬರ್ನಾರ್ಡೊ ಹತ್ರ ಎರಡು ಸಲ ಏಟು ತಿಂದು ಬಿದ್ದ.

ಉತ್ತರ 2:
ಈಗ 1996 ಮೇ 6, ಯೊಕೊಹಾಮಾ ಅರೀನಾ ಹಾಕಿ ನೋಡಿ. ಒಂದೇ ರಾತ್ರಿ ಮೂರು ಫೈಟು. ಸೆಮಿಫೈನಲಲ್ಲಿ ಹೂಸ್ಟ್ ಜೊತೆ ಎಕ್ಸ್‌ಟ್ರಾ ರೌಂಡ್‌ವರೆಗೂ ಎಳೆದಾಡಿ ಗೆದ್ದ, ಫೈನಲಿಗೆ ಬಂದ್ರೆ ಎದುರಿಗೆ ಅದೇ ಬರ್ನಾರ್ಡೊ! ಎರಡನೇ ರೌಂಡಲ್ಲಿ ಗಿರ್ರಂತ ಒಂದು ಸುತ್ತು ತಿರುಗಿ ಹಿಮ್ಮಡಿಯಿಂದ ತೊಡೆಗೆ ಬಾರಿಸಿದ ನೋಡಿ, ಅಷ್ಟು ದೊಡ್ಡ ಆಳು ಕಾಲೂರಕ್ಕೇ ಆಗ್ದೆ ಕುಸಿದ. ಎಲ್ಲರೂ ತಲೆಗೆ ಒದ್ದು ನಾಕೌಟ್ ಮಾಡಿದ್ರೆ ಇವನು ತೊಡೆಗೆ ಒದ್ದು ಮಾಡಿದ. ಈಗ್ಲೂ ನೋಡಿದ್ರೆ ಮೈ ಜುಂ ಅನ್ನುತ್ತೆ ನಂಗೆ.

ಉತ್ತರ 3:
ಟೆಕ್ನಿಕ್ ಲೆಕ್ಕದಲ್ಲಿ ಹೂಸ್ಟೇ ಮೇಲು ಅಂತ ನಾನು ಈಗ್ಲೂ ಹೇಳ್ತೀನಿ, 1997ರ ಫೈನಲಲ್ಲಿ ಹಗ್‌ನ ಸೋಲಿಸಿದ್ದೂ ಅವನೇ, 1998ರ ಫೈನಲಲ್ಲಿ ಆರ್ಟ್ಸ್. ಆದ್ರೆ ಮೂರು ವರ್ಷ ಸತತ ಫೈನಲ್ ಅಂದ್ರೆ ಅದನ್ನ 'ಒಂದೇ ಸಲ' ಅಂತ ಎಣಿಸೋದು ಸರಿಯಲ್ಲ.

ಪ್ರಶ್ನೆ ಕೇಳಿದವರು:
ಯೊಕೊಹಾಮಾ ಫೈನಲ್ ಈಗಷ್ಟೇ ನೋಡ್ದೆ, ಆ ಒದೆತಾನ ನಾಲ್ಕು ಸಲ ಹಿಂದೆ ಎಳೆದು ನೋಡ್ದೆ. ಕೊನೇ ಫೈಟ್ ಯಾವ್ದು?

ಉತ್ತರ 1:
2000ದ ಜುಲೈ 7, ಜಪಾನಲ್ಲೇ, ನೊಬು ಹಯಾಶಿ ಮೇಲೆ, ಮೊದಲ ರೌಂಡಲ್ಲೇ ಅವನನ್ನ ನಾಕೌಟ್ ಮಾಡಿ ಗೆದ್ದ. ಆಗಸ್ಟ್ 24ಕ್ಕೆ ಟೋಕಿಯೋದಲ್ಲಿ ಲುಕೇಮಿಯಾದಿಂದ ತೀರ್ಕೊಂಡ, 35 ವರ್ಷ. ಏಳು ವಾರ ಕೂಡ ಆಗಿರ್ಲಿಲ್ಲ ಕಣೋ.