ಪದಚರ್ಚೆ: ಕ್ರೀಕ್ ಅಂದರೆ ಹಳ್ಳವೋ, ತೊರೆಯೋ?

ಗೆಳೆಯರೇ,

ಇಲ್ಲಿನ ಕನ್ನಡ ಶಾಲೆಯ ಮಕ್ಕಳು ಬರೆದ ಒಂದು ಬರಹವನ್ನು ತಿದ್ದುತ್ತಿದ್ದೇನೆ. ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ಡೇರೆ ಹಾಕಿ ತಂಗುವ ಒಂದು ಜಾಗ, ಯೊಸೆಮಿಟಿ ಕ್ರೀಕ್ ಕ್ಯಾಂಪ್‌ಗ್ರೌಂಡ್ ಬಗ್ಗೆ. ಉದ್ಯಾನದೊಳಗಿನ ಬೆಟ್ಟದ ಹೆದ್ದಾರಿ ಟಯೋಗ ರಸ್ತೆ ಬಿಟ್ಟು ಕಿರಿದಾದ ಒರಟು ದಾರಿಯಲ್ಲಿ ಒಳಕ್ಕೆ ಹೋಗಬೇಕು. ಎತ್ತರ ಸುಮಾರು 7,700 ಅಡಿ. ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಸಾವಿರ ಅಡಿಗೂ ಜಾಸ್ತಿ ಮೇಲೆ. ನಲ್ಲಿ ಇಲ್ಲ, ಸದ್ದುಗದ್ದಲವೂ ಕಡಿಮೆ. ಬರಹ ಚೆನ್ನಾಗಿದೆ, ತೊಡಕಿರುವುದು ಪದಗಳಲ್ಲಿ.

ಮೊದಲನೆಯದು ಕ್ರೀಕ್. ಒಬ್ಬ ಹುಡುಗ ‘ಕೊಲ್ಲಿ’ ಎಂದು ಬರೆದಿದ್ದಾನೆ. ಅವನದೇನೂ ತಪ್ಪಿಲ್ಲ. ಬ್ರಿಟಿಷರ ಇಂಗ್ಲಿಷಿನಲ್ಲಿ ಕ್ರೀಕ್ ಅಂದರೆ ನೆಲದೊಳಕ್ಕೆ ನುಗ್ಗಿದ ಉಪ್ಪುನೀರು. ಕಛ್‌ನ ಸರ್ ಕ್ರೀಕ್ ಅಂಥದ್ದೇ. ಅಮೆರಿಕದವರಿಗೆ ಅದು ಕಾಡಲ್ಲಿ ಹರಿಯುವ ಸಣ್ಣ ನೀರು. ಎಂಟು ಸಾವಿರ ಅಡಿ ಹತ್ತಿರದಲ್ಲಿ ಕೊಲ್ಲಿ ಎಲ್ಲಿಂದ ಬರಬೇಕು?

ನನ್ನ ಓಟು ‘ಹಳ್ಳ’ಕ್ಕೆ. ಈ ಕ್ರೀಕ್‌ನ ನಡವಳಿಕೆ ಹಳ್ಳದ್ದೇ. ಮೇ, ಜೂನ್ ತಿಂಗಳಲ್ಲಿ ಹಿಮ ಕರಗುವಾಗ ಭೋರ್ಗರೆಯುತ್ತದೆ. ಮುಂದೆ ಇದೇ ನೀರು 2,425 ಅಡಿ ಕೆಳಕ್ಕೆ ಧುಮುಕಿ ಯೊಸೆಮಿಟಿ ಜಲಪಾತ ಆಗುತ್ತದೆ. ಆಗಸ್ಟ್ ಹೊತ್ತಿಗೆ ಬಂದವರಿಗೆ ಎಷ್ಟೋ ಸಲ ಬರೀ ಒಣ ಬಂಡೆ ಕಾಣುತ್ತದೆ. ಧಾರವಾಡದ ಕಡೆಯ ಬೆಣ್ಣೆಹಳ್ಳವೂ ಹೀಗೇ ಅಲ್ವಾ? ಮಳೆ ಬಂದರೆ ಹೊಲಗಳನ್ನೆಲ್ಲ ಮುಳುಗಿಸುತ್ತದೆ, ಬೇಸಿಗೆಯಲ್ಲಿ ಸೊರಗುತ್ತದೆ. ಅಲ್ಲಿ ಮಳೆ, ಇಲ್ಲಿ ಹಿಮ, ಅಷ್ಟೇ ವ್ಯತ್ಯಾಸ.

ಆದರೆ ಮೈಸೂರು ಕಡೆಯ ತಾಯಂದಿರು ಒಪ್ಪುತ್ತಿಲ್ಲ. ಅವರಿಗೆ ಹಳ್ಳ ಅಂದರೆ ಗುಂಡಿ. ‘ಹಳ್ಳದ ಪಕ್ಕ ಮಲಗಿದೆವು’ ಅಂದರೆ ಮಕ್ಕಳನ್ನು ಯಾರು ಕಳಿಸುತ್ತಾರೆ ಎಂದು ಕೇಳಿದರು. ಅವರು ಕೊಟ್ಟ ಪದ ‘ತೊರೆ’. ಚೆಂದದ ಪದ, ಸರಿ. ತೊರೆನೂರು, ತೊರೆಕಾಡನಹಳ್ಳಿ ಎಂದು ಊರ ಹೆಸರುಗಳಲ್ಲೂ ಇದೆ. ಆದರೆ ಮಾತಿನಲ್ಲಿ ನಾನಂತೂ ಕೇಳಿಲ್ಲ, ಪದ್ಯದಲ್ಲೇ ಜಾಸ್ತಿ. ‘ಝರಿ’ ಎನ್ನಬೇಕಾದರೆ ನೀರು ಮೇಲಿನಿಂದ ಬೀಳುತ್ತಿರಬೇಕು. ‘ಹೊಳೆ’ ಅಂದರೆ ಮಲೆನಾಡಿನವರ ಕಣ್ಣ ಮುಂದೆ ತುಂಗೆಯೇ ಬಂದುಬಿಡುತ್ತಾಳೆ.

ಎರಡನೆಯದು ಕ್ಯಾಂಪ್. ‘ಶಿಬಿರ’ ನನಗೆ ಬೇಡ. ರಕ್ತದಾನ, ಕಣ್ಣಿನ ತಪಾಸಣೆ ನೆನಪಾಗುತ್ತದೆ. ಕ್ಯಾಂಪ್ ಎಂದೇ ಉಳಿಸೋಣ ಅಂದರೆ ಅದಕ್ಕೂ ನಮ್ಮಲ್ಲಿ ಬೇರೆ ಬೇರೆ ಅರ್ಥ. ‘ಸಾಹೇಬರು ಕ್ಯಾಂಪ್ ಹೋಗಿದ್ದಾರೆ’ ಅಂದರೆ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದಾರೆ. ಸಿಂಧನೂರು, ಗಂಗಾವತಿ ಕಡೆ ಕ್ಯಾಂಪ್ ಅಂದರೆ ತುಂಗಭದ್ರಾ ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದವರು ನೆಲೆಸಿದ ಹಳ್ಳಿ. ಬೆಳಗಾವಿಯಲ್ಲಿ ಅದು ದಂಡಿನ ಪ್ರದೇಶ. ಹಾಗಾಗಿ ‘ಬಿಡಾರ’ ಎಂದು ತಿದ್ದಿದ್ದೇನೆ. ಬಿಡಾರ ಹೂಡುವುದು, ಬಿಡಾರ ಕೀಳುವುದು ಎರಡೂ ಆಗಲೇ ಬಳಕೆಯಲ್ಲಿವೆ, ಹೊಸದಾಗಿ ಏನೂ ಕಟ್ಟಬೇಕಿಲ್ಲ. ಕ್ಯಾಂಪ್‌ಸೈಟನ್ನು ಮಾತ್ರ ಸುಮ್ನೆ ‘ಡೇರೆ ಜಾಗ’ ಅಂದೆ. ‘ನಮಗೆ ಸೈಟು ಸಿಕ್ಕಿತು’ ಎಂದು ಬರೆದರೆ ಬೆಂಗಳೂರಿನ ಅಜ್ಜಿ ಎಷ್ಟು ಚದರಡಿ ಎಂದು ಕೇಳುತ್ತಾರೆ!

ತಿಂಡಿಯಿಂದ ಟೂತ್‌ಪೇಸ್ಟ್‌ವರೆಗೆ ವಾಸನೆ ಬರುವುದನ್ನೆಲ್ಲ ಕರಡಿಗೆ ಸಿಗದಂತೆ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡಬೇಕು. ಮಕ್ಕಳು ಅದನ್ನು ‘ಕರಡಿ ಪೆಟ್ಟಿಗೆ’ ಎಂದಿದ್ದಾರೆ. ಒಳಗೆ ಕರಡಿ ಇದೆ ಅನಿಸಿದರೂ ಪರವಾಗಿಲ್ಲ, ಬಿಟ್ಟಿದ್ದೇನೆ. ‘ಕರಡಿಗೆ’ ಎಂದು ಮೊಟಕು ಮಾಡಲಂತೂ ಆಗದು. ಅದು ಲಿಂಗ ಇಡುವ ಪುಟ್ಟ ಡಬ್ಬಿ.

ಒಂದು ಕಡೆ ಮಾತ್ರ ನಾನು ಹಟ ಹಿಡಿದೆ. ‘ನೀರು ಕಾಯಿಸಿ ಕುಡಿಯಬೇಕು’ ಎಂದಿತ್ತು, ‘ಕುದಿಸಿ’ ಎಂದು ಮಾಡಿದೆ. ಮನೆಯಲ್ಲಿ ಹಾಲು ಕಾಯಿಸು ಅಂದರೆ ಉಕ್ಕುವವರೆಗೂ ಎಂದು ಗೊತ್ತಿರುತ್ತದೆ. ನೀರು ಕಾಯಿಸು ಅಂದರೆ ಸ್ನಾನಕ್ಕಾಗುವಷ್ಟು ಬಿಸಿಯೂ ಆಗಬಹುದು. ಆ ಎತ್ತರದಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ. ಅದಕ್ಕೇ 6,500 ಅಡಿಗಿಂತ ಮೇಲೆ ಮೂರು ನಿಮಿಷ ಕೊತಕೊತ ಕುದಿಸಿ ಎನ್ನುತ್ತಾರೆ. ಇಲ್ಲಿ ಪದ ಸಡಿಲವಾದರೆ ಹೊಟ್ಟೆ ಕೆಡುತ್ತದೆ.

ಈಗ ನಿಮ್ಮನ್ನು ಕೇಳುವುದು ಎರಡೇ. ನಿಮ್ಮ ಊರ ಕಡೆ ವರ್ಷಕ್ಕೆ ಕೆಲವೇ ತಿಂಗಳು ಹರಿಯುವ ಸಣ್ಣ ನೀರಿಗೆ ಏನನ್ನುತ್ತೀರಿ? ಕರಾವಳಿಯ ‘ತೋಡು’ ಇಲ್ಲಿಗೆ ಒಪ್ಪುತ್ತದೆಯೇ, ಇಲ್ಲಾ ಅದು ತೋಟದ ಕಾಲುವೆಯ ಹಾಗೆ ಕೇಳಿಸುತ್ತದೆಯೇ? ಊರಿನ ಹೆಸರನ್ನೂ ಜೊತೆಗೆ ಬರೆಯಿರಿ.