ಧಾರಾವಾಹಿ ಕಾದಂಬರಿಯ ಮೊದಲ ಕಂತನ್ನು ಯಾವ ಹಂತದಲ್ಲಿ ಪ್ರಕಟಿಸಬೇಕು?

ಪ್ರಶ್ನೆ (ಹಿನ್ನೀರು_ಸಾಗರ)

ಎಲ್ಲರಿಗೂ ನಮಸ್ಕಾರ. ಶರಾವತಿ ಮುಳುಗಡೆಯನ್ನು ಹಿನ್ನೆಲೆಯಾಗಿಟ್ಟುಕೊಂಡು ಒಂದು ಕಾದಂಬರಿ ಬರೆಯುತ್ತಿದ್ದೇನೆ. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆ ಸಿದ್ಧವಾದ 1948ರ ಸುಮಾರಿಗೆ ಕತೆ ತೊಡಗುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಪೂರ್ಣಗೊಂಡು ಊರುಗಳು ಮುಳುಗಿದ ಮೇಲೆ, ಎತ್ತಂಗಡಿಯಾದ ಒಂದು ಕುಟುಂಬದ ಮೂರು ತಲೆಮಾರುಗಳ ಮೂಲಕ ಅದು ಇಂದಿನವರೆಗೆ ಬರುತ್ತದೆ. ಪ್ರತಿಲಿಪಿ ಜಾಲತಾಣದಲ್ಲಿ ವಾರಕ್ಕೊಂದರಂತೆ ಸುಮಾರು 40 ಕಂತುಗಳಲ್ಲಿ ಪ್ರಕಟಿಸಬೇಕೆಂಬುದು ನನ್ನ ಆಲೋಚನೆ.

ಮೊದಲ ಎಂಟು ಕಂತುಗಳು ತಿದ್ದಿ ಸಿದ್ಧವಾಗಿವೆ. ಕೊನೆ ಹೇಗಿರಬೇಕೆಂಬುದು ಮನಸ್ಸಿನಲ್ಲಿ ಸ್ಪಷ್ಟವಾಗಿದೆ, ಆದರೆ ನಡುವಿನ ಭಾಗ ಟಿಪ್ಪಣಿಗಳ ರೂಪದಲ್ಲಷ್ಟೇ ಇದೆ. ಉದ್ಯೋಗದ ನಡುವೆ ರಾತ್ರಿ ಹೊತ್ತು ಬರೆಯುವುದರಿಂದ ಒಂದು ಕಂತಿಗೆ ಹತ್ತು ದಿನ ಬೇಕಾಗುತ್ತದೆ. ಈಗಲೇ ಆರಂಭಿಸಿದರೆ ಓದುಗರ ಸ್ಪಂದನೆ ಬರವಣಿಗೆಯನ್ನು ಮುಂದಕ್ಕೆ ನಡೆಸುತ್ತದೆ ಎಂದು ಕೆಲವು ಸ್ನೇಹಿತರು ಹೇಳುತ್ತಾರೆ. ಪೂರ್ತಿ ಬರೆದು ಮುಗಿಸಿದ ಹೊರತು ಒಂದು ಸಾಲನ್ನೂ ಹೊರಗೆ ಬಿಡಬಾರದು ಎನ್ನುವವರೂ ಇದ್ದಾರೆ. ಇಂಥ ಕತೆಗೆ ಯಾವುದು ಸರಿ ಎಂಬುದನ್ನು ಅನುಭವಿಗಳು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ (ವಾರಪತ್ರಿಕೆಯ_ಓದುಗ)

ನಿಮ್ಮ ವಸ್ತುವನ್ನು ನೋಡಿದರೆ, ಪೂರ್ತಿ ಕರಡು ಕೈಯಲ್ಲಿಲ್ಲದೆ ಆರಂಭಿಸಬೇಡಿ ಎಂದೇ ಹೇಳುತ್ತೇನೆ. ಕೌಟುಂಬಿಕ ಕತೆಯಲ್ಲಿ ಮೂವತ್ತನೆಯ ಕಂತಿನ ಹೊಸ ತಿರುವಿಗೆ ಹಿಂದಿನ ಕಂತುಗಳು ಅಡ್ಡಿಯಾಗುವುದು ಕಡಿಮೆ. ಇತಿಹಾಸಕ್ಕೆ ಕಟ್ಟುಬಿದ್ದ ಕತೆಯಲ್ಲಿ ಹಾಗಲ್ಲ. ನೀವು ಹೇಳಿದ 1948ಕ್ಕೂ 1964ಕ್ಕೂ ನಡುವೆ 1951ರ ಕಾಗೋಡು ಸತ್ಯಾಗ್ರಹ ಬರುತ್ತದೆ. ಸಾಗರ ತಾಲೂಕಿನ ಗೇಣಿದಾರರು ಕೊಳಗದ (ಗೇಣಿಯ ಧಾನ್ಯ ಅಳೆಯುವ ಮಾಪಕದ) ಅಳತೆಯ ಅನ್ಯಾಯದ ವಿರುದ್ಧ ಎದ್ದು ನಿಂತ, ರಾಮಮನೋಹರ ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದ ಆ ಹೋರಾಟವನ್ನು ಆ ಸೀಮೆಯ ಒಂದು ರೈತ ಕುಟುಂಬ ಅರಿಯದೆ ಇರಲು ಸಾಧ್ಯವಿಲ್ಲ. ನಿಮ್ಮ ಕುಟುಂಬ ಸ್ವಂತ ಜಮೀನಿನದೋ, ಗೇಣಿಯದೋ? ಮೂರನೆಯ ಕಂತಿನಲ್ಲಿ ಅದನ್ನು ಒಂದು ಮಾತಿನಲ್ಲಿ ಹೇಳಿಬಿಟ್ಟಿರಿ ಎಂದುಕೊಳ್ಳೋಣ. ಮುಳುಗಡೆಯ ಪರಿಹಾರ ಯಾರ ಕೈ ಸೇರಿತು, ಎತ್ತಂಗಡಿಯಾದ ಮೇಲೆ ಅವರು ಯಾವ ನೆಲದಲ್ಲಿ ಕೂತರು, ಮೊಮ್ಮಗನ ಕಾಲಕ್ಕೂ ಹಕ್ಕುಪತ್ರ ಏಕೆ ಸಿಗಲಿಲ್ಲ ಎಂಬುದೆಲ್ಲವೂ ಆ ಒಂದು ಮಾತಿನಿಂದಲೇ ತೀರ್ಮಾನವಾಗುತ್ತದೆ. ಇಪ್ಪತ್ತನೆಯ ಕಂತು ಬರೆಯುವಾಗ ಅಜ್ಜನನ್ನು ಕಾಗೋಡಿಗೆ ಕಳುಹಿಸಬೇಕೆಂದು ನಿಮಗೆ ಅನ್ನಿಸಿ, ಮೂರನೆಯ ಕಂತಿನ ಅಜ್ಜ ಜಮೀನಿನ ಒಡೆಯರ ಪಕ್ಷದವನಾಗಿದ್ದರೆ ಏನು ಮಾಡುತ್ತೀರಿ?

ಜಾಲದಲ್ಲಿ ಪ್ರಕಟವಾದುದನ್ನು ಯಾವಾಗ ಬೇಕಾದರೂ ತಿದ್ದಬಹುದು ಎಂಬ ಮಾತು ತಾಂತ್ರಿಕವಾಗಿ ನಿಜ. ಆದರೆ ಮೊದಲಿನಿಂದ ಜೊತೆಗೆ ಬಂದ ಓದುಗ ಹಿಂದಿನ ಕಂತಿಗೆ ಮರಳಿ ಹೋಗುವುದಿಲ್ಲ; ಅವನ ನೆನಪಿನಲ್ಲಿ ಉಳಿದಿರುವುದು ಹಳೆಯ ರೂಪವೇ. ತಿದ್ದುಪಡಿಯ ಫಲ ಸಿಗುವುದು ತಡವಾಗಿ ಬಂದವರಿಗೆ ಮಾತ್ರ. ಮೊದಲ ದಿನದಿಂದ ನಂಬಿ ಓದಿದವರಿಗೆ ಇದರಿಂದ ಅನ್ಯಾಯವಾಗುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಡಿಕನ್ಸ್‌ನಂಥ ಪಳಗಿದ ಧಾರಾವಾಹಿಕಾರ 1870ರಲ್ಲಿ ತೀರಿಕೊಂಡಾಗ, ಹನ್ನೆರಡು ಕಂತುಗಳಿಗೆಂದು ಯೋಜಿಸಿದ್ದ ಅವನ ಕೊನೆಯ ಕಾದಂಬರಿಯಲ್ಲಿ ಆರಕ್ಕಾಗುವಷ್ಟು ಮಾತ್ರ ಬರಹ ಇತ್ತು. ಅದರ ಮುಕ್ತಾಯ ಏನಿರಬಹುದೆಂಬ ಚರ್ಚೆ ಇಂದಿಗೂ ನಿಂತಿಲ್ಲ. ಸಾವಿನ ಮಾತು ದೊಡ್ಡದಾಯಿತು. ವರ್ಗಾವಣೆ, ಮನೆಯವರ ಅನಾರೋಗ್ಯ, ಮಾರ್ಚ್ ತಿಂಗಳ ಕಚೇರಿ ಕೆಲಸ, ಇವೂ ಬರವಣಿಗೆಯನ್ನು ನಿಲ್ಲಿಸುತ್ತವೆ.

ಉತ್ತರ (ಕಂತುಗಾರ್ತಿ)

ಮೇಲಿನವರ ಕಾಳಜಿಯನ್ನು ಗೌರವಿಸುತ್ತೇನೆ, ಆದರೆ ಪೂರ್ತಿ ಕರಡು ಬೇಕೆಂಬ ನಿಯಮವನ್ನು ಒಪ್ಪಲಾರೆ. ಹತ್ತು ದಿನಕ್ಕೊಂದು ಕಂತಿನಂತೆ ನಿಮಗೆ ಉಳಿದ 32 ಕಂತುಗಳಿಗೆ 320 ದಿನ ಬೇಕು. ಅಷ್ಟು ಕಾಲ ಒಬ್ಬ ಓದುಗರೂ ಇಲ್ಲದೆ ರಾತ್ರಿ ಕುಳಿತು ಬರೆಯುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ನಾನು ಬಲ್ಲ ಎಷ್ಟೋ ಒಳ್ಳೆಯ ಕಾದಂಬರಿಗಳು ನಡುವಿನ ಭಾಗದಲ್ಲಿಯೇ ನಿಂತುಹೋಗಿವೆ.

ಹಾಗೆಂದು ಎಂಟು ಕಂತು ಸಾಲದು. ಲೆಕ್ಕ ಹೀಗಿದೆ: ವಾರಕ್ಕೊಂದರಂತೆ 40 ಕಂತು ಹೊರಬಂದರೆ ಮೊದಲ ಕಂತಿನಿಂದ ಕೊನೆಯ ಕಂತಿಗೆ 273 ದಿನ. ಆ ಅವಧಿಯಲ್ಲಿ ನೀವು ಬರೆಯಬಲ್ಲದ್ದು 27 ಕಂತು. ಅಂದರೆ ಆರಂಭದ ದಿನ 13 ಕಂತುಗಳು ಕೈಯಲ್ಲಿದ್ದರೆ ಮಾತ್ರ ಕೊನೆಯ ಕಂತು ವೇಳೆಗೆ ಸರಿಯಾಗಿ ಬರುತ್ತದೆ, ಅದೂ ಒಂದು ರಾತ್ರಿಯೂ ತಪ್ಪದಿದ್ದರೆ. ಕಾಯಿಲೆ, ಮದುವೆ ಮನೆ, ಹಬ್ಬಗಳಿಗೆ ಇನ್ನೂ ನಾಲ್ಕೈದು ಸೇರಿಸಿ, 18 ಇಟ್ಟುಕೊಳ್ಳಿ. ಹದಿನೈದು ದಿನಕ್ಕೊಂದು ಪ್ರಕಟಿಸಿದರೆ ಈಗಿರುವ ಎಂಟೇ ಧಾರಾಳವಾಯಿತು; ಆದರೆ ಅಷ್ಟು ಅಂತರದಲ್ಲಿ ಮೂರು ತಲೆಮಾರಿನ ಹೆಸರುಗಳು ಓದುಗರ ನೆನಪಿನಲ್ಲಿ ಉಳಿಯುವುದು ಕಷ್ಟ. 1965ರಲ್ಲಿ ಆರಂಭವಾದ ಸುಧಾ, 1983ರಲ್ಲಿ ಬಂದ ತರಂಗ ಮೊದಲಾದ ವಾರಪತ್ರಿಕೆಗಳು ನಮ್ಮ ಓದುಗರಿಗೆ ವಾರದ ಲಯವನ್ನು ಅಭ್ಯಾಸ ಮಾಡಿಸಿವೆ, ಅದನ್ನು ಬಿಡಬೇಡಿ. ಅಲ್ಲಿ ಒಂದು ವಾರ ಧಾರಾವಾಹಿ ಸಪ್ಪೆಯಾದರೂ ಉಳಿದ ಪುಟಗಳಿಗಾಗಿ ಜನ ಪತ್ರಿಕೆಯನ್ನು ಕೊಳ್ಳುತ್ತಿದ್ದರು. ಜಾಲದಲ್ಲಿ ನಿಮ್ಮ ಕಂತಿನ ಹೊರತು ಓದುಗರನ್ನು ಹಿಡಿದಿಡುವ ಬೇರೆ ಪುಟವಿಲ್ಲ.

ಕಾಗೋಡಿನ ಪ್ರಶ್ನೆಗೆ ಪೂರ್ತಿ ಕರಡು ಬೇಕಾಗಿಲ್ಲ, ಒಂದು ಕಾಲಪಟ್ಟಿ ಸಾಕು. ಪ್ರತಿ ಪಾತ್ರದ ಹುಟ್ಟಿದ ವರ್ಷ, ಜಮೀನಿನ ಸ್ಥಿತಿ, ಯಾವ ವರ್ಷ ಯಾವ ಊರಿನಲ್ಲಿದ್ದರು ಎಂಬುದನ್ನು ಮೊದಲೇ ಬರೆದು ನಿಲ್ಲಿಸಿ. ಆಮೇಲೆ ಕೊನೆಯ ಎರಡು ಕಂತುಗಳನ್ನು ಈಗಲೇ ಪೂರ್ತಿಯಾಗಿ ಬರೆಯಿರಿ. ಮನಸ್ಸಿನಲ್ಲಿ ಸ್ಪಷ್ಟವಾಗಿರುವ ಮುಕ್ತಾಯ ಕಾಗದಕ್ಕೆ ಇಳಿದಾಗ ಬೇರೆಯಾಗುವುದನ್ನು ನಾನು ಬಹಳ ಸಲ ಕಂಡಿದ್ದೇನೆ. ಇಂದಿನ ಕಾಲಕ್ಕೆ ಬರುವ ಕತೆಗೆ ಇನ್ನೊಂದು ಅಪಾಯವೂ ಇದೆ: 2025ರ ಜುಲೈಯಲ್ಲಿ ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ತೆರೆಯಿತು. ನಿಮ್ಮ ಮೊಮ್ಮಗ ಲಾಂಚಿನಲ್ಲಿ ಹಿನ್ನೀರು ದಾಟುವುದೇ ಮುಕ್ತಾಯವಾಗಿದ್ದರೆ, ಆ ದಿನ ಯಾವ ವರ್ಷದ್ದೆಂದು ನೀವು ಮೊದಲೇ ಗೊತ್ತುಮಾಡಿರಬೇಕು.

ಉತ್ತರ (ಅಚ್ಚಿನಮನೆ)

ಒಂದು ವಿಷಯವನ್ನು ಯಾರೂ ಎತ್ತಲಿಲ್ಲ. ಪತ್ರಿಕೆಗಳ ಕಾದಂಬರಿ ಸ್ಪರ್ಧೆಗಳಲ್ಲಿ ಕೃತಿ ಬೇರೆಲ್ಲಿಯೂ ಪ್ರಕಟವಾಗಿರಬಾರದು ಎಂಬ ಷರತ್ತು ಸಾಮಾನ್ಯ, ಜಾಲತಾಣದ ಪ್ರಕಟಣೆಯನ್ನೂ ಅದರಲ್ಲಿ ಸೇರಿಸುವುದುಂಟು. ಒಂದೇ ಒಂದು ಕಂತು ಹೊರಬಿದ್ದರೂ ಆ ಬಾಗಿಲು ಮುಚ್ಚಬಹುದು. ಆದ್ದರಿಂದ ಸ್ಪರ್ಧೆಗೆ ಕಳುಹಿಸುವ ಆಸೆ ಸ್ವಲ್ಪವಾದರೂ ಇದ್ದರೆ ಆ ತೀರ್ಮಾನ ಮೊದಲು ಆಗಲಿ. ಹಕ್ಕಿನ ಬಗ್ಗೆ ಆತಂಕ ಬೇಡ: 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಬರೆದೊಡನೆಯೇ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯವಲ್ಲ. ಆದರೂ ವೇದಿಕೆಯ ಷರತ್ತುಗಳಲ್ಲಿ ಪುಸ್ತಕ, ಆಡಿಯೋ, ಅನುವಾದಗಳ ಬಗ್ಗೆ ಏನಿದೆ ಎಂಬುದನ್ನು ಮೊದಲ ಕಂತಿಗೆ ಮುನ್ನ ಓದಿಕೊಳ್ಳಿ.

ಉತ್ತರ (ವಾರಪತ್ರಿಕೆಯ_ಓದುಗ)

ಕಾಲಪಟ್ಟಿ ಮತ್ತು ಬರೆದು ಮುಗಿಸಿದ ಮುಕ್ತಾಯ ಎರಡೂ ಇದ್ದರೆ ನನ್ನ ಆಕ್ಷೇಪ ಬಹುಪಾಲು ಕರಗುತ್ತದೆ. ಒಂದು ಕೋರಿಕೆ ಮಾತ್ರ: ಊರು ಮುಳುಗುವ ಕಂತುಗಳು ಆ ಹದಿನೆಂಟರೊಳಗೆ ಬರಲಿ. ಆ ನೋವನ್ನು ಅನುಭವಿಸಿದ ಮನೆತನಗಳ ಹಿರಿಯರು ಇನ್ನೂ ಇದ್ದಾರೆ, ಅವರಲ್ಲಿ ಒಬ್ಬರಿಗಾದರೂ ಆ ಭಾಗವನ್ನು ಮೊದಲು ಓದಿ ಹೇಳಿ. ವಾರದ ಗಡುವಿನ ಒತ್ತಡದಲ್ಲಿ ಬರೆಯಬಾರದ ಪುಟಗಳು ಅವು.

ಪ್ರತಿಕ್ರಿಯೆ (ಹಿನ್ನೀರು_ಸಾಗರ)

ಎಲ್ಲರಿಗೂ ಕೃತಜ್ಞತೆಗಳು. ಕುಟುಂಬ ಗೇಣಿದಾರರದೇ, ಆದರೆ ಕಾಗೋಡನ್ನು ನಾನು ದೂರದ ಸುದ್ದಿಯಾಗಿ ಮಾತ್ರ ಇರಿಸಿದ್ದೆ; ಅದು ಐದನೆಯ ಕಂತಿನೊಳಕ್ಕೆ ಬರಬೇಕು ಎಂಬುದು ಈಗ ಖಚಿತವಾಗಿದೆ, ಆದ್ದರಿಂದ ಸಿದ್ಧವಿರುವ ಎಂಟರಲ್ಲಿ ನಾಲ್ಕನ್ನು ಮತ್ತೆ ಬರೆಯುತ್ತೇನೆ. ಸ್ಪರ್ಧೆಯ ಉದ್ದೇಶವಿಲ್ಲ. ಕಾಲಪಟ್ಟಿ, ಕೊನೆಯ ಎರಡು ಕಂತು, ಅನಂತರ ಮುಳುಗಡೆಯ ಭಾಗ, ಈ ಕ್ರಮದಲ್ಲಿ ಮುಂದುವರಿಯುತ್ತೇನೆ. ಹದಿನೆಂಟನೆಯ ಕಂತು ಮುಗಿಯುವವರೆಗೆ ಆರಂಭದ ದಿನಾಂಕವನ್ನು ಎಲ್ಲಿಯೂ ಘೋಷಿಸುವುದಿಲ್ಲ. ಹೊಸನಗರ ಅಥವಾ ಸಾಗರದ ಕಡೆಯ ಸಂತ್ರಸ್ತ ಮನೆತನದವರು ಯಾರಾದರೂ ಇಲ್ಲಿದ್ದು, ಮುಳುಗಡೆಯ ಅಧ್ಯಾಯಗಳನ್ನು ಓದಿ ತಿದ್ದಲು ಒಪ್ಪುವುದಾದರೆ ದಯವಿಟ್ಟು ಇಲ್ಲಿಯೇ ತಿಳಿಸಿ.